ಬೆರಳಿಲ್ಲದವರಿಗೆ ಯಂತ್ರದ ಕೈ

ಮೇವು ಕತ್ತರಿಸುವ ಯಂತ್ರ, ಒಕ್ಕಣೆ ಯಂತ್ರ, ಕಬ್ಬಿನ ಗಾಣ, ಮರ ಕೊಯ್ಯುವ ಗರಗಸ — ಇವೆಲ್ಲ ಹಳ್ಳಿಗೆ ಬಂದ ಮೇಲೆ ನಮ್ಮ ಕೆಲಸ ಎಷ್ಟೋ ಹಗುರವಾಗಿದೆ. ಆದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ದುಡಿಯುವ ಕೈಯ ಬೆರಳನ್ನು ಕಿತ್ತುಕೊಳ್ಳುವುವೂ ಇವೇ. ಒಕ್ಕಣೆ ಯಂತ್ರದಂಥವುಗಳಿಂದ ಆಗುವ ಅನಾಹುತಗಳನ್ನು ತಡೆಯಲು ೧೯೮೩ರಲ್ಲಿ ನಮ್ಮ ದೇಶದಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನೇ ಮಾಡಬೇಕಾಯಿತು.

ನಾಲ್ಕು ಬೆರಳು ಕಳೆದುಕೊಂಡವನ ಕಷ್ಟ ಹೊಲದಲ್ಲಿ ಮಾತ್ರ ಇರುವುದಲ್ಲ. ಬುತ್ತಿಯ ಗಂಟು ಬಿಚ್ಚುವುದು, ಅಂಗಿಯ ಗುಂಡಿ ಹಾಕುವುದು, ಒಂದು ಕೈಯಲ್ಲಿ ಚೊಂಬು ಹಿಡಿದು ಇನ್ನೊಂದರಲ್ಲಿ ಮುಖ ತೊಳೆಯುವುದು, ಸೈಕಲ್ಲಿನ ಹಿಡಿ ಹಿಡಿಯುವುದು — ದಿನಕ್ಕೆ ನೂರು ಸಲ ಮಾಡುವ ಇಂಥ ಸಣ್ಣ ಕೆಲಸಗಳಲ್ಲಿ ಅವನು ಇನ್ನೊಬ್ಬರ ಮುಖ ನೋಡಬೇಕಾಗುತ್ತದೆ. ಹುಟ್ಟುವಾಗಲೇ ಬೆರಳಿಲ್ಲದ ಮಕ್ಕಳೂ ಉಂಟು. ಇಂಥವರಿಗಾಗಿ ಮನೆಯಲ್ಲಿಯೇ, ಇಲ್ಲವೆ ಊರ ಶಾಲೆಯಲ್ಲಿಯೇ ಮಾಡಬಹುದಾದ ಒಂದು ಯಂತ್ರದ ಕೈಯ ವಿಚಾರವನ್ನು ಇಲ್ಲಿ ತಿಳಿಸಲಾಗಿದೆ.

ಬಡಗಿಯ ಹಟ

ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ನಗರದಲ್ಲಿ ರಿಚರ್ಡ್ ವಾನ್ ಆಸ್ ಎಂಬ ಬಡಗಿ ಇದ್ದಾರೆ. ೨೦೧೧ರಲ್ಲಿ ಕೆಲಸ ಮಾಡುತ್ತಿರುವಾಗ ಗರಗಸಕ್ಕೆ ಸಿಕ್ಕಿ ಅವರ ಬಲಗೈಯ ಬೆರಳುಗಳು ಹೋದುವು. ಬಡಗಿಗೆ ಬಲಗೈ ಹೋದರೆ ಬಾಳೇ ಹೋದಂತೆ. ಕೃತಕ ಬೆರಳುಗಳ ಬೆಲೆ ವಿಚಾರಿಸಿದರು. ಅದು ಅವರ ಕೈಗೆ ಎಟಕುವಂತಿರಲಿಲ್ಲ. ಕೊಳ್ಳಲಾಗದಿದ್ದರೆ ಮಾಡಿಕೊಳ್ಳುತ್ತೇನೆ ಎಂದು ಅವರು ನಿಶ್ಚಯಿಸಿದರು.

ಅದೇ ಕಾಲಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಐವನ್ ಓವೆನ್ ಎಂಬವರು ವೇಷಭೂಷಣಕ್ಕೆಂದು ಒಂದು ದೊಡ್ಡ ಲೋಹದ ಕೈಯನ್ನು ಮಾಡಿದ್ದರು. ಹಾಕಿಕೊಂಡವರು ತಮ್ಮ ಬೆರಳನ್ನು ಮಡಿಸಿದರೆ ಅದರ ಬೆರಳುಗಳೂ ಮಡಿಸುತ್ತಿದ್ದುವು. ಆ ಕೈಯ ಚಲನಚಿತ್ರವನ್ನು ವಾನ್ ಆಸ್ ನೋಡಿ ಓವೆನ್ನರಿಗೆ ಬರೆದರು. ಒಬ್ಬರು ಭೂಮಿಯ ಈ ಮಗ್ಗುಲು, ಇನ್ನೊಬ್ಬರು ಆ ಮಗ್ಗುಲು. ಪರಸ್ಪರ ಭೇಟಿಯಾಗದೆಯೇ ತಿಂಗಳುಗಟ್ಟಲೆ ಚಿತ್ರ ಬರೆದು ಕಳುಹಿಸುತ್ತ, ಮಾಡಿ ನೋಡುತ್ತ, ಕೆಟ್ಟದ್ದನ್ನು ತಿದ್ದುತ್ತ ಇಬ್ಬರೂ ಕೆಲಸ ಮಾಡಿದರು. ಕೊನೆಗೆ ಓವೆನ್ ಜೋಹಾನ್ಸ್‌ಬರ್ಗಿಗೇ ಹೋದರು. ಅಷ್ಟರಲ್ಲಿ, ಹುಟ್ಟಿನಿಂದಲೇ ಬಲಗೈಯಲ್ಲಿ ಬೆರಳಿಲ್ಲದ ಐದು ವರ್ಷದ ಬಾಲಕನೊಬ್ಬನ ತಾಯಿ ಇವರ ನೆರವು ಕೇಳಿದ್ದಳು. ಇಬ್ಬರೂ ಸೇರಿ ಆ ಹುಡುಗನಿಗೂ ಒಂದು ಕೈ ಮಾಡಿಕೊಟ್ಟರು.

ಮೊದಮೊದಲು ಪ್ರತಿಯೊಂದು ತುಂಡನ್ನೂ ಕೈಯಿಂದಲೇ ಕಡೆದು ಉಜ್ಜಿ ಮಾಡಬೇಕಾಗಿತ್ತು. ಒಂದು ಚೂರು ಅಳತೆ ತಪ್ಪಿದರೆ ಮತ್ತೆ ದಿನಗಟ್ಟಲೆ ಕೆಲಸ. ಮುಂದೆ ಮೇಕರ್‌ಬಾಟ್ ಎಂಬ ಸಂಸ್ಥೆ ಇಬ್ಬರಿಗೂ ಒಂದೊಂದು ತ್ರೀ-ಡಿ ಪ್ರಿಂಟರನ್ನು ಉಚಿತವಾಗಿ ಕೊಟ್ಟಿತು. ಆಗ ಒಬ್ಬರು ಕಂಪ್ಯೂಟರಿನಲ್ಲಿ ತಿದ್ದಿದ ನಕ್ಷೆಯನ್ನು ಇನ್ನೊಬ್ಬರು ಅದೇ ದಿನ ತಮ್ಮ ಊರಲ್ಲಿ ತುಂಡಾಗಿ ಮಾಡಿ ನೋಡುವುದು ಸಾಧ್ಯವಾಯಿತು. ಆ ಕೈಗೆ ರೋಬೋಹ್ಯಾಂಡ್ ಎಂಬ ಹೆಸರು ಬಂತು. ೨೦೧೩ರ ಜನವರಿಯಲ್ಲಿ ಅವರು ಅದರ ನಕ್ಷೆಗಳನ್ನು ಯಾರು ಬೇಕಾದರೂ ಹಣ ಕೊಡದೆ ತೆಗೆದುಕೊಳ್ಳಬಹುದೆಂದು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು.

ಅದೇ ವರ್ಷ ಅಮೆರಿಕದ ರಾಚೆಸ್ಟರ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿದ್ದ ಜಾನ್ ಶಲ್ ಎಂಬವರು, ಇಂಥ ಯಂತ್ರವಿದ್ದು ಸಹಾಯ ಮಾಡಲು ಸಿದ್ಧರಿರುವವರನ್ನೂ ಕೈ ಬೇಕಾದವರನ್ನೂ ಒಂದು ಭೂಪಟದಲ್ಲಿ ಗುರುತಿಸುವ ಏರ್ಪಾಡು ಮಾಡಿದರು. ಅದರಿಂದ 'ಎನೇಬಲ್' ಎಂಬ ಸ್ವಯಂಸೇವಕರ ಬಳಗ ಬೆಳೆಯಿತು. ಶಾಲಾ ಮಕ್ಕಳು, ಉಪಾಧ್ಯಾಯರು, ಎಂಜಿನಿಯರುಗಳು, ವೈದ್ಯರು ಎಲ್ಲರೂ ಅದರಲ್ಲಿ ಸೇರಿದ್ದಾರೆ.

ಕೈ ಕೆಲಸ ಮಾಡುವ ಬಗೆ

ಈ ಕೈಗೆ ಮೋಟಾರಿಲ್ಲ, ಬ್ಯಾಟರಿಯಿಲ್ಲ. ಹಾಗಿದ್ದರೂ ಬೆರಳು ಹೇಗೆ ಮಡಿಸುತ್ತದೆ ಎಂಬುದನ್ನು ತಿಳಿಯಲು ಓದುಗರು ತಮ್ಮ ಕೈಯನ್ನೇ ನೋಡಿಕೊಳ್ಳಬಹುದು. ಎಡಗೈಯಿಂದ ಬಲ ಮುಂಗೈಯನ್ನು ಹಿಡಿದುಕೊಂಡು ಬಲಗೈ ಬೆರಳುಗಳನ್ನು ಮಡಿಸಿ ಬಿಡಿಸಿ. ಚರ್ಮದ ಕೆಳಗೆ ಹಗ್ಗಗಳು ಎಳೆದಾಡುವಂತೆ ತೋರುತ್ತದೆ. ಬೆರಳನ್ನು ಆಡಿಸುವ ಸ್ನಾಯುಗಳು ಹೆಚ್ಚಾಗಿ ಮುಂಗೈಯಲ್ಲಿವೆ. ಅವು ತಮ್ಮ ಹುರಿಗಳಿಂದ ಬೆರಳನ್ನು ದೂರದಿಂದಲೇ ಎಳೆಯುತ್ತವೆ. ಸೂತ್ರದ ಗೊಂಬೆಯಾಟವೂ ಇದೇ ರೀತಿಯದು.

ಯಂತ್ರದ ಕೈಯಲ್ಲಿ ಮೂರು ಭಾಗಗಳುಂಟು: ಮುಂಗೈಗೆ ಕಟ್ಟುವ ಕವಚ, ಉಳಿದ ಅಂಗೈಯನ್ನು ಒಳಗೆ ಇಟ್ಟುಕೊಳ್ಳುವ ಅಂಗೈ ತುಂಡು, ಎರಡೆರಡು ಗಂಟಿನ ಬೆರಳುಗಳು. ಕವಚವೂ ಅಂಗೈಯೂ ಮಣಿಕಟ್ಟಿನ ಎರಡು ಪಕ್ಕಗಳಲ್ಲಿ ಕೀಲಿನಿಂದ ಕೂಡಿರುತ್ತವೆ. ಹಿಗ್ಗದ ಗಟ್ಟಿ ದಾರ, ಅಂದರೆ ಮೀನು ಹಿಡಿಯುವ ದಾರದಂಥದು, ಕವಚದ ಮೇಲಿಂದ ಹೊರಟು ಮಣಿಕಟ್ಟಿನ ಬೆನ್ನ ಮೇಲೆ ಹಾದು, ಬೆರಳಿನ ಒಳಮಗ್ಗುಲಲ್ಲಿ ತುದಿಯವರೆಗೆ ಹೋಗುತ್ತದೆ. ಮಣಿಕಟ್ಟನ್ನು ಕೆಳಕ್ಕೆ ಬಗ್ಗಿಸಿದಾಗ ಬೆನ್ನ ಮೇಲಿನ ದಾರಿ ಉದ್ದವಾಗುತ್ತದೆ. ದಾರವೋ ಹಿಗ್ಗುವುದಿಲ್ಲ. ಆದುದರಿಂದ ಅದು ಬೆರಳನ್ನು ಎಳೆದು ಮುಷ್ಟಿ ಕಟ್ಟಿಸುತ್ತದೆ. ಮಣಿಕಟ್ಟನ್ನು ನೆಟ್ಟಗೆ ಮಾಡಿದರೆ ದಾರ ಸಡಿಲವಾಗುತ್ತದೆ. ಬೆರಳಿನ ಹೊರಮಗ್ಗುಲಲ್ಲಿರುವ ರಬ್ಬರ್ ದಾರ ಬೆರಳನ್ನು ಮತ್ತೆ ಬಿಡಿಸುತ್ತದೆ. ಎಳೆಯಲು ಒಂದು ದಾರ, ಬಿಡಿಸಲು ಒಂದು ದಾರ: ಯಂತ್ರದ ಗುಟ್ಟೆಲ್ಲ ಇಷ್ಟೇ.

ಇದು ತೀರ ಹೊಸದೂ ಅಲ್ಲ. ೧೮೪೦ರ ದಶಕದಲ್ಲಿ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ರಾಬರ್ಟ್ ನಾರ್ಮನ್ ಎಂಬ ದಂತವೈದ್ಯರು ಫಿರಂಗಿಯ ಅಪಘಾತದಲ್ಲಿ ಬೆರಳು ಕಳೆದುಕೊಂಡ ಕೋಲ್ಸ್ ಎಂಬ ಸೈನಿಕನಿಗೆ ತಿಮಿಂಗಿಲದ ಎಲುಬು, ರಾಟೆ, ಹುರಿಗಳಿಂದ ಇಂಥ ಕೈ ಮಾಡಿದ್ದರು. ಓವೆನ್ನರಿಗೆ ತಮ್ಮ ಕೆಲಸದಲ್ಲಿ ಅದರಿಂದ ದಾರಿ ತೋರಿತು. ಅಂದು ಒಬ್ಬನಿಗಾಗಿ ಕಡೆದ ಕೈ ಒಬ್ಬನಿಗೇ ಮುಗಿಯಿತು. ಇಂದು ಒಂದು ಸಲ ಬರೆದ ನಕ್ಷೆಯಿಂದ ಎಷ್ಟು ಊರುಗಳಲ್ಲಿ ಬೇಕಾದರೂ, ಎಷ್ಟು ಅಳತೆಗೆ ಬೇಕಾದರೂ ಕೈ ಮಾಡಬಹುದು. ಹೆಚ್ಚಿನ ಅನುಕೂಲ ಬಂದಿರುವುದು ಇಲ್ಲಿಯೇ.

ಪ್ರಿಂಟರ್ ಎಂಬ ಯಂತ್ರ

ತ್ರೀ-ಡಿ ಪ್ರಿಂಟರ್ ಎಂದರೆ ಕಾಗದದ ಮೇಲೆ ಅಕ್ಷರ ಒತ್ತುವ ಯಂತ್ರವಲ್ಲ; ವಸ್ತುವನ್ನೇ ಕಟ್ಟುವ ಯಂತ್ರ. ನಮ್ಮ ಹೆಣ್ಣುಮಕ್ಕಳು ಚಕ್ಕುಲಿ ಒರಳನ್ನು ಒತ್ತಿ ಹಿಟ್ಟಿನ ಎಳೆಯನ್ನು ಸುತ್ತಿಗೆ ಸುತ್ತು ಬಿಡುವುದನ್ನು ನೆನೆಸಿಕೊಳ್ಳಿ. ಈ ಯಂತ್ರವೂ ಹಾಗೆಯೇ ಸಣ್ಣ ಮೂತಿಯಿಂದ ಕರಗಿದ ಪ್ಲಾಸ್ಟಿಕ್ಕಿನ ಎಳೆ ಬಿಡುತ್ತದೆ. ಮೂತಿಯ ರಂಧ್ರ ಸಾಮಾನ್ಯವಾಗಿ ೦.೪ ಮಿಲಿಮೀಟರ್. ಒಂದು ಪದರ ಹಾಕಿ ಮುಗಿದ ಮೇಲೆ ಅದರ ಮೇಲೆ ಇನ್ನೊಂದು ಪದರ. ಪದರದ ದಪ್ಪ ೦.೨ ಮಿಲಿಮೀಟರ್ ಎಂದು ಇಟ್ಟುಕೊಂಡರೆ, ಎರಡು ಸೆಂಟಿಮೀಟರ್ ಎತ್ತರದ ತುಂಡಿಗೆ ನೂರು ಪದರಗಳು ಬೇಕು. ಮೂತಿ ಎಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಕಂಪ್ಯೂಟರಿನ ನಕ್ಷೆ ಹೇಳುತ್ತದೆ.

ಇದಕ್ಕೆ ಉಪಯೋಗಿಸುವ ಪ್ಲಾಸ್ಟಿಕ್ ದಾರದಂತೆ ಸುರುಳಿಯಾಗಿ ಬರುತ್ತದೆ, ದಪ್ಪ ೧.೭೫ ಮಿಲಿಮೀಟರ್. ಇದರಲ್ಲಿ ಪಿ.ಎಲ್.ಎ. ಎಂಬ ಬಗೆ ಸುಲಭವಾದದ್ದು. ಅದನ್ನು ಮುಸುಕಿನ ಜೋಳ, ಕಬ್ಬು ಮೊದಲಾದ ಬೆಳೆಗಳ ಪಿಷ್ಟ, ಸಕ್ಕರೆಗಳಿಂದ ತೆಗೆಯುತ್ತಾರೆ. ಸುಮಾರು ೨೦೦ ಡಿಗ್ರಿ ಶಾಖದಲ್ಲಿ ಕರಗಿ ಹರಿಯುತ್ತದೆ. ಒಂದು ಕೈಗೆ ಅರ್ಧ ಕಿಲೋಗಿಂತ ಕಡಮೆ ಪ್ಲಾಸ್ಟಿಕ್ ಸಾಕು.

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೌಯರ್ ಎಂಬವರು ೨೦೦೫ರಲ್ಲಿ ರೆಪ್‌ರಾಪ್ ಎಂಬ ಯೋಜನೆಯನ್ನು ಆರಂಭಿಸಿ, ಯಂತ್ರದ ನಕ್ಷೆಯನ್ನೂ ಎಲ್ಲರಿಗೂ ತೆರೆದಿಟ್ಟರು. ಆ ಯಂತ್ರ ತನ್ನದೇ ಅನೇಕ ಭಾಗಗಳನ್ನು ತಾನೇ ಮುದ್ರಿಸಬಲ್ಲದು. ೨೦೦೯ರಲ್ಲಿ ಈ ಬಗೆಯ ಮುದ್ರಣದ ಮುಖ್ಯ ಪೇಟೆಂಟಿನ ಅವಧಿ ಮುಗಿಯಿತು. ಆ ಬಳಿಕ ಯಂತ್ರದ ಬೆಲೆ ಇಳಿದು ಶಾಲೆಗಳಿಗೂ ಸಣ್ಣ ಕಾರ್ಯಾಗಾರಗಳಿಗೂ ಅದು ಬರುವಂತಾಯಿತು.

ಮಾಡುವ ಕ್ರಮ

೧. ಮೊದಲು ವೈದ್ಯರಿಗೆ ತೋರಿಸಬೇಕು. ಗಾಯ ಪೂರ್ತಿ ಮಾಗಿರಬೇಕು. ಮಣಿಕಟ್ಟು ಸುಮಾರು ೩೦ ಡಿಗ್ರಿಯಷ್ಟಾದರೂ ಬಗ್ಗಬೇಕು. ಅಂಗೈಯ ಒಂದು ಭಾಗ ಉಳಿದಿರಬೇಕು. ಮಣಿಕಟ್ಟಿನಿಂದಲೇ ಕೈ ಹೋಗಿದ್ದರೆ ಈ ಕೈ ಆಗದು. ಮೊಳಕೈಯನ್ನು ಬಗ್ಗಿಸಿ ಎಳೆಯುವ ಬೇರೆ ನಕ್ಷೆ ಬೇಕು.

೨. ಎರಡು ಕೈಗಳನ್ನೂ ಅಳೆಯಬೇಕು. ಚೌಕಳಿ ಕಾಗದದ ಮೇಲೆ ಕೈಯಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ನೇರ ಮೇಲಿನಿಂದ ಚಿತ್ರ ತೆಗೆಯುವುದು ಒಳ್ಳೆಯ ರೀತಿ. ನಕ್ಷೆಯ ಅಂಗೈ ಅಗಲ ೬೦ ಮಿಲಿಮೀಟರ್ ಇದ್ದು ನಮಗೆ ೭೫ ಮಿಲಿಮೀಟರ್ ಬೇಕಾದರೆ, ನಕ್ಷೆಯನ್ನು ನೂರಕ್ಕೆ ೧೨೫ರಷ್ಟು ಹಿಗ್ಗಿಸಬೇಕು. ಎಲ್ಲ ತುಂಡುಗಳನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಬೇಕೆಂಬುದು ನೆನಪಿರಲಿ. ತೂತುಗಳೂ ಹಿಗ್ಗುವುದರಿಂದ ಲೋಹದ ಮೊಳೆ, ತಿರುಪುಗಳನ್ನು ಹಾಕುವುದಿದ್ದರೆ ಅವುಗಳ ಅಳತೆಯನ್ನು ಮತ್ತೆ ನೋಡತಕ್ಕದ್ದು.

೩. ಮೊದಲು ಅಂಗೈ ತುಂಡೊಂದನ್ನೇ ಮುದ್ರಿಸಿ ತೊಡಿಸಿ ನೋಡಬೇಕು. ಹೊಂದಿದರೆ ಮಿಕ್ಕದ್ದು. ಎಲ್ಲವನ್ನೂ ಮುದ್ರಿಸಿದ ಮೇಲೆ ತಪ್ಪು ಕಂಡರೆ ಪ್ಲಾಸ್ಟಿಕ್ಕೂ ಹೊತ್ತೂ ವ್ಯರ್ಥ. ಇಡೀ ಕೈ ಮುದ್ರಣವಾಗಲು ಯಂತ್ರದ ವೇಗ, ಕೈಯ ಅಳತೆಗಳಿಗೆ ತಕ್ಕಂತೆ ಹಲವು ಗಂಟೆಗಳಿಂದ ಒಂದು ದಿನಕ್ಕೂ ಮೇಲೆ ಹಿಡಿಯಬಹುದು. ನಡುವೆ ಕರೆಂಟು ಹೋದರೆ ತುಂಡು ಕೆಡುವ ಸಂಭವವಿದೆ. ಆದುದರಿಂದ ಸಣ್ಣ ಸಣ್ಣ ತುಂಡುಗಳನ್ನು ಬೇರೆ ಬೇರೆಯಾಗಿ ಮುದ್ರಿಸುವುದು ಹಳ್ಳಿಯಲ್ಲಿ ಮೇಲು.

೪. ಮರಕ್ಕೆ ಎಳೆ ಇರುವಂತೆ ಈ ತುಂಡಿಗೂ ಪದರಗಳ ದಿಕ್ಕು ಉಂಟು. ಎಳೆಯ ಉದ್ದಕ್ಕೆ ಮರ ಸೀಳುವಂತೆ, ಪದರಗಳ ನಡುವೆ ಪ್ಲಾಸ್ಟಿಕ್ ಬಿಡುತ್ತದೆ. ಬೆರಳನ್ನು ನಿಲ್ಲಿಸಿ ಮುದ್ರಿಸಿದರೆ ಬಗ್ಗಿಸುವಾಗ ಮುರಿಯುವುದು ಸುಲಭ. ಮಲಗಿಸಿ ಮುದ್ರಿಸಿದರೆ ಬಾಳುತ್ತದೆ. ಮರಗೆಲಸ ಬಲ್ಲವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

೫. ಮುದ್ರಿಸಿದ ತುಂಡುಗಳ ಅಂಚನ್ನು ಅರದಿಂದ ಉಜ್ಜಿ ನಯ ಮಾಡಬೇಕು. ದಾರ ಹೋಗುವ ತೂತುಗಳ ಒಳಗೂ ಉಜ್ಜಬೇಕು. ಇಲ್ಲವಾದರೆ ದಾರ ಸವೆದು ಬೇಗ ಹರಿಯುತ್ತದೆ. ಕೆಲವು ನಕ್ಷೆಗಳಲ್ಲಿ ಕವಚ ಚಪ್ಪಟೆಯಾಗಿ ಬರುತ್ತದೆ. ಅದನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಮುಂಗೈಯ ಅಳತೆಯ ಮರದ ಅಚ್ಚಿನ ಮೇಲೆ ಬಗ್ಗಿಸಬೇಕು. ಬಿಸಿ ತುಂಡನ್ನು ಎಂದಿಗೂ ಮೈಮೇಲೆ ಇಟ್ಟು ಬಗ್ಗಿಸಕೂಡದು.

೬. ಬೆರಳುಗಳನ್ನು ಕೀಲಿಗೆ ಸೇರಿಸಿ, ಮೊದಲು ರಬ್ಬರ್ ದಾರ, ಅನಂತರ ಗಟ್ಟಿ ದಾರ ಕಟ್ಟಬೇಕು. ಎಲ್ಲ ಬೆರಳುಗಳೂ ಒಟ್ಟಿಗೆ ಮುಚ್ಚುವಂತೆ ಒಂದೊಂದು ದಾರವನ್ನೂ ಬಿಗಿಯಬೇಕು. ವೀಣೆಯ ತಂತಿ ಬಿಗಿದಂತೆ, ಈ ಕೆಲಸ ಒಂದೇ ಸಲಕ್ಕೆ ಆಗುವುದಲ್ಲ.

೭. ಮೈಗೆ ತಾಗುವ ಕಡೆಯೆಲ್ಲ ಮೆತ್ತನೆಯ ಸ್ಪಂಜು ಅಂಟಿಸಿ, ವೆಲ್ಕ್ರೊ ಪಟ್ಟಿಯಿಂದ ಕಟ್ಟಬೇಕು. ಮೊದಲ ದಿನ ಕಾಲು ಗಂಟೆ ಮಾತ್ರ ತೊಡಿಸಬೇಕು. ತೆಗೆದ ಮೇಲೆ ಚರ್ಮ ಕೆಂಪಾಗಿದೆಯೇ ಎಂದು ನೋಡಬೇಕು. ಕೆಂಪು ಹೋಗದಿದ್ದರೆ ಆ ಜಾಗದಲ್ಲಿ ತಿದ್ದಬೇಕು. ಹಳೆಯ ಗಾಯದ ಕಲೆಯ ಮೇಲೆ ಸ್ಪರ್ಶಜ್ಞಾನ ಕಡಮೆಯಾಗಿರುವುದುಂಟು. ಅಲ್ಲಿ ಹುಣ್ಣಾದರೂ ತೊಟ್ಟವನಿಗೆ ತಿಳಿಯದು.

ಆಗುವುದು, ಆಗದಿರುವುದು

ಈ ಕೈಯಿಂದ ನೀರಿನ ಸೀಸೆ, ಚೆಂಡು, ಹಗುರವಾದ ಚೀಲ ಹಿಡಿಯಬಹುದು. ಇನ್ನೊಂದು ಕೈ ಕೆಲಸ ಮಾಡುವಾಗ ವಸ್ತುವನ್ನು ಅಲುಗದಂತೆ ಒತ್ತಿ ಹಿಡಿಯಬಹುದು. ಸೈಕಲ್ ಹಿಡಿ ಹಿಡಿದು ಸವಾರಿ ಮಾಡಲು ಕಲಿತ ಮಕ್ಕಳೂ ಇದ್ದಾರೆ.

ಆದರೆ ಇದು ಕಳೆದುಹೋದ ಕೈಯಲ್ಲ. ಇದಕ್ಕೆ ಬಿಸಿ ತಣ್ಣಗೆ ತಿಳಿಯದು. ಸೂಜಿಗೆ ದಾರ ಪೋಣಿಸಲು ಬಾರದು. ನೇಗಿಲ ಮೇಣಿ ಒತ್ತುವುದಕ್ಕೂ, ಗುದ್ದಲಿ ಬೀಸುವುದಕ್ಕೂ, ತುಂಬಿದ ಕೊಡ ಎತ್ತುವುದಕ್ಕೂ ಇದು ತಕ್ಕದ್ದಲ್ಲ. ಪಿ.ಎಲ್.ಎ. ಸುಮಾರು ೬೦ ಡಿಗ್ರಿಗೇ ಮೆತ್ತಗಾಗುವುದರಿಂದ ಒಲೆಯ ಹತ್ತಿರ ಕೊಂಡೊಯ್ಯಬಾರದು; ಬೇಸಗೆಯಲ್ಲಿ ಮುಚ್ಚಿದ ವಾಹನದೊಳಗೆ ಬಿಟ್ಟು ಹೋಗಲೂ ಬಾರದು. ತಿರುಗುವ ಯಂತ್ರಗಳ ಬಳಿ ಇದನ್ನು ತೊಟ್ಟು ನಿಲ್ಲಲೇಬಾರದು. ಮಕ್ಕಳ ಕೈ ಬೆಳೆಯುವುದರಿಂದ ಅವರಿಗೆ ಆಗಾಗ ಹೊಸ ಅಳತೆಯದನ್ನು ಮಾಡಬೇಕು. ಕೆಲವರು ಕೆಲವು ದಿನ ತೊಟ್ಟು ಬಿಟ್ಟುಬಿಡುವುದೂ ಉಂಟು. ಅವರನ್ನು ಬಲವಂತ ಮಾಡಕೂಡದು. ಇದ್ದ ಕೈಯಿಂದಲೇ ಅವರಿಗೆ ಹೆಚ್ಚು ಅನುಕೂಲವಾಗಿರಬಹುದು.

ಮೋಟಾರು, ಬ್ಯಾಟರಿ ಇರುವ ಕೈಗಳೂ ಬಂದಿವೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಓಪನ್ ಬಯಾನಿಕ್ಸ್ ಎಂಬ ಸಂಸ್ಥೆ ೨೦೧೮ರಲ್ಲಿ ಹೊರತಂದ ಹೀರೋ ಆರ್ಮ್ ಎಂಬ ಕೈ, ತೋಳಿನ ಸ್ನಾಯು ಬಿಗಿದಾಗ ಹುಟ್ಟುವ ಅತಿ ಸಣ್ಣ ವಿದ್ಯುತ್ ಸೂಚನೆಯನ್ನು ಗ್ರಹಿಸಿ ಬೆರಳನ್ನು ಆಡಿಸುತ್ತದೆ. ಅದರ ಭಾಗಗಳೂ ತ್ರೀ-ಡಿ ಮುದ್ರಣದವೇ. ಆದರೆ ಅದಕ್ಕೆ ಖರ್ಚು ಹೆಚ್ಚು, ರಿಪೇರಿಗೆ ತಜ್ಞರು ಬೇಕು. ದಾರದ ಕೈಯ ದಾರ ಹರಿದರೆ ಸಂತೆಯಲ್ಲಿ ದಾರ ತಂದು ಮನೆಯಲ್ಲೇ ಕಟ್ಟಿಕೊಳ್ಳಬಹುದು. ಹಳ್ಳಿಗೆ ಇದೊಂದು ದೊಡ್ಡ ಗುಣ.

ನಮ್ಮಲ್ಲಿ ಎಲ್ಲಿ ಮಾಡಬಹುದು?

ಇಂಥ ಯಂತ್ರಗಳು ಪಟ್ಟಣಕ್ಕೆ ಮಾತ್ರ ಎಂದು ತಿಳಿಯಬೇಕಾಗಿಲ್ಲ. ಪುಣೆಯ ಹತ್ತಿರ ಪಾಬಳ್ ಎಂಬ ಹಳ್ಳಿಯಿದೆ. ಅಲ್ಲಿ ಡಾಕ್ಟರ್ ಎಸ್. ಎಸ್. ಕಲಬಾಗ್ ಅವರು ೧೯೮೩ರಲ್ಲಿ ವಿಜ್ಞಾನ ಆಶ್ರಮವನ್ನು ಸ್ಥಾಪಿಸಿ, ಹಳ್ಳಿಯ ಹುಡುಗರಿಗೆ ಕೈಕೆಲಸದ ಮೂಲಕ ವಿದ್ಯೆ ಕಲಿಸತೊಡಗಿದರು. ಅಮೆರಿಕದ ಎಂ.ಐ.ಟಿ. ವಿದ್ಯಾಲಯದ ನೀಲ್ ಗರ್ಶೆನ್‌ಫೆಲ್ಡ್ ಎಂಬ ಪ್ರಾಧ್ಯಾಪಕರು, ಕಂಪ್ಯೂಟರಿನಿಂದ ನಡೆಯುವ ಸಲಕರಣೆಗಳ 'ಫ್ಯಾಬ್ ಲ್ಯಾಬ್' ಎಂಬ ಕಾರ್ಯಾಗಾರಗಳನ್ನು ಹೊರದೇಶಗಳಲ್ಲಿ ತೆರೆಯಲು ಹೊರಟಾಗ, ಮೊಟ್ಟಮೊದಲನೆಯವುಗಳಲ್ಲಿ ಒಂದು ೨೦೦೨ರಲ್ಲಿ ಆರಂಭವಾದದ್ದು ಈ ಹಳ್ಳಿಯಲ್ಲಿಯೇ.

ನಮ್ಮ ರಾಜ್ಯದ ಅನೇಕ ಪ್ರೌಢಶಾಲೆಗಳಲ್ಲಿಯೂ ಅಟಲ್ ಟಿಂಕರಿಂಗ್ ಲ್ಯಾಬ್ ಎಂಬ ಪ್ರಯೋಗಶಾಲೆಗಳಿವೆ. ೨೦೧೬ರಲ್ಲಿ ನೀತಿ ಆಯೋಗದ ಮೂಲಕ ಆರಂಭವಾದ ಈ ಯೋಜನೆಯಲ್ಲಿ, ಆಯ್ಕೆಯಾದ ಶಾಲೆಗೆ ೨೦ ಲಕ್ಷ ರೂಪಾಯಿಯವರೆಗೆ ಸಹಾಯಧನ ದೊರೆಯುವಂತೆ ಏರ್ಪಡಿಸಲಾಯಿತು. ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗೆಂದು ಇರುವ ಈ ಪ್ರಯೋಗಶಾಲೆಗಳ ಸಲಕರಣೆಗಳಲ್ಲಿ ತ್ರೀ-ಡಿ ಪ್ರಿಂಟರೂ ಒಂದು. ಹತ್ತಿರದ ಶಾಲೆಯಲ್ಲಿ ಅದು ಇದೆಯೇ ಎಂದು ಮುಖ್ಯೋಪಾಧ್ಯಾಯರನ್ನು ವಿಚಾರಿಸಬಹುದು. ಯಂತ್ರ ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತಿದ್ದರೆ, ಅದಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದು? ನಕ್ಷೆಗಳು ಉಚಿತ. ಯಂತ್ರ ನಡೆಸಲು ಮಕ್ಕಳು ಬೇಗ ಕಲಿಯುತ್ತಾರೆ. ಅರ ಹಿಡಿದು ತಿದ್ದಲು, ಕೀಲು ಕೂಡಿಸಲು ಊರ ಬಡಗಿಯನ್ನೋ ಕಮ್ಮಾರನನ್ನೋ ಕರೆಯಬೇಕು. ಚರ್ಮ, ಮೂಳೆ, ಗಾಯಗಳ ವಿಚಾರಕ್ಕೆ ಸರ್ಕಾರಿ ಆಸ್ಪತ್ರೆಯ ವೈದ್ಯರ ಸಲಹೆ ಬೇಕೇ ಬೇಕು.

ಕುಶಲಕರ್ಮಿಯೂ ವೈದ್ಯರೂ ಕೂಡಿದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶ ಮೊದಲೇ ಕಂಡಿದೆ. ೧೯೬೮ರ ಸುಮಾರಿಗೆ ಜಯಪುರದಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿಯೂ ಡಾಕ್ಟರ್ ಪಿ. ಕೆ. ಸೇಠಿ ಎಂಬ ವೈದ್ಯರೂ ಸೇರಿ ಜಯಪುರ ಕಾಲನ್ನು ಮಾಡಿದರು. ಅದನ್ನು ತೊಟ್ಟವರು ನೆಲದ ಮೇಲೆ ಕುಳಿತುಕೊಳ್ಳಬಲ್ಲರು, ಬರಿಗಾಲಲ್ಲಿ ಹೊಲದಲ್ಲಿ ನಡೆಯಬಲ್ಲರು.

ಬೆರಳು ಉಳಿಸುವುದೇ ಮೊದಲು

ಎಂಥ ಯಂತ್ರದ ಕೈಯೂ ಇರುವ ಬೆರಳಿಗೆ ಸಾಟಿಯಲ್ಲ. ಮೇವು ಕತ್ತರಿಸುವ ಯಂತ್ರದ ಬಾಯಿಗೆ ಉದ್ದನೆಯ ಮರೆಯನ್ನು ಹಾಕಿಸಿ. ಕೈ ಹಲ್ಲಿನವರೆಗೆ ಹೋಗದಂತಿರಲಿ. ಸಿಕ್ಕಿಕೊಂಡ ಮೇವನ್ನು ತೆಗೆಯುವ ಮೊದಲು ಯಂತ್ರ ನಿಲ್ಲಿಸಿ. ಕತ್ತಲೆಯಲ್ಲಿ, ಆಯಾಸವಾದಾಗ ಒಕ್ಕಣೆ ಮಾಡಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಇಷ್ಟರ ಮೇಲೂ ಬೆರಳು ತುಂಡಾದರೆ ಗಾಯವನ್ನು ಶುದ್ಧವಾದ ಬಟ್ಟೆಯಿಂದ ಒತ್ತಿ ಹಿಡಿದು, ಕೈಯನ್ನು ಮೇಲೆತ್ತಿ ರಕ್ತ ನಿಲ್ಲಿಸಬೇಕು. ತುಂಡಾದ ಬೆರಳನ್ನು ಎಸೆಯಬಾರದು. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿ ಇಟ್ಟುಕೊಂಡು ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮಂಜುಗಡ್ಡೆ ಬೆರಳಿಗೆ ನೇರವಾಗಿ ತಾಗಬಾರದು. ಬೇಗ ತಲಪಿದರೆ ಶಸ್ತ್ರವೈದ್ಯರು ಅದನ್ನು ಮತ್ತೆ ಜೋಡಿಸುವ ಸಾಧ್ಯತೆಯುಂಟು. ಆಂಬುಲೆನ್ಸಿಗೆ ೧೦೮ಕ್ಕೆ ಫೋನ್ ಮಾಡಬಹುದು.

ಬೆರಳು ಹೋಗಿಯೇ ಹೋದವರು ನಮ್ಮ ನಿಮ್ಮ ಊರಲ್ಲಿ ಇದ್ದಾರೆ. ಎಷ್ಟೋ ಜನ ಆ ಕೈಯನ್ನು ಟವೆಲಿನಲ್ಲಿ ಮರೆಮಾಡಿಕೊಂಡು ಓಡಾಡುತ್ತಾರೆ. ಅವರ ಹತ್ತಿರ ಹೋಗಿ, ಇಂಥದೊಂದು ಕೈ ಮಾಡಬಹುದಂತೆ, ಬೇಕೇ ಎಂದು ಕೇಳುವುದೇ ಈ ಕೆಲಸದ ಮೊದಲ ಹೆಜ್ಜೆ. ಅಳತೆಪಟ್ಟಿ, ಚೌಕಳಿ ಕಾಗದ ಆಮೇಲೆ.